ತಾತನ ನಕ್ಷೆಯಲ್ಲಿ ಇಲ್ಲದ ಮೀನು

ಮೀನು ಹಿಡಿಯುವುದಕ್ಕೂ ಲೈಸನ್ಸ್ ಬೇಕು ಅಂದರೆ ಅಮ್ಮ ನಂಬಲಿಲ್ಲ. ವರ್ಷಕ್ಕೆ ಸುಮಾರು 35 ಪೌಂಡ್, ನಮ್ಮ ದುಡ್ಡಿನಲ್ಲಿ ಮೂರೂವರೆ ಸಾವಿರದ ಮೇಲೆ ಅಂದಾಗ ವಿಡಿಯೊ ಕಾಲ್‌ನಲ್ಲೇ ಹಣೆ ಚಚ್ಚಿಕೊಂಡಳು. ‘ಸಾಲ ಮಾಡ್ಕೊಂಡು ಓದಕ್ಕೆ ಹೋದವ್ಳು ಹೊಳೆ ದಂಡೇಲಿ ಗಾಳ ಹಾಕ್ಕೊಂಡು ಕೂತಿದ್ದೀಯಾ?’ ಎಂದಳು. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು ಅನ್ನುವುದನ್ನು ಅವತ್ತು ಹೇಳುವ ಧೈರ್ಯವಾಗಲಿಲ್ಲ.

ನಮ್ಮೂರು ತಿ. ನರಸೀಪುರದ ಹತ್ತಿರ. ಕಪಿಲೆ ಬಂದು ಕಾವೇರಿಗೆ ಸೇರುವ ಸೀಮೆ. ನನ್ನ ಸೋದರಮಾವ ಗಾಳ ಹಾಕುವುದರಲ್ಲಿ ಸುತ್ತಲಿನ ನಾಲ್ಕು ಊರಿಗೆ ಗೊತ್ತಿದ್ದವರು. ಅವರಿಗೆ ಎರೆಹುಳ ತೋಡಿಕೊಡುವುದು, ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿಕೊಡುವುದು ಚಿಕ್ಕಂದಿನಲ್ಲಿ ನನ್ನ ಕೆಲಸ. ಗಾಳದ ಕಡ್ಡಿಯನ್ನು ಮಾತ್ರ ಕೈಗೆ ಕೊಡುತ್ತಿರಲಿಲ್ಲ. ‘ಹೆಣ್ಮಕ್ಳಿಗೆ ಹೊಳೆ ತಾವ ಏನ್ ಕೆಲ್ಸ? ನಡಿ ಮನೆಗೆ’ ಅನ್ನುತ್ತಿದ್ದರು. ಹಾಗಾಗಿ ನಾನು ಮೊದಲ ಸಲ ಗಾಳ ಹಿಡಿದದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ವೂಸ್ಟರ್ ಎಂಬ ಊರಿನ ಪಕ್ಕ ಹರಿಯುವ ಒಂದು ಹೊಳೆಯ ದಂಡೆಯಲ್ಲಿ.

ಆ ಹೊಳೆಗೆ ಬರುವ ಮೊದಲು ನಾನು ಅಲ್ಲಿಗೆ ಹೋದ ಕತೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ವಿದೇಶಕ್ಕೆ ಹೊರಟಿರುವ ಗೆಳೆಯ ಗೆಳತಿಯರಿಗೆ ಮೀನಿಗಿಂತ ಅದೇ ಮುಖ್ಯ ಅನ್ನಿಸಬಹುದು.

2023ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಮಾಸ್ಟರ್ಸ್ ಓದಲು ಹೋದೆ. ಅಪ್ಪ ಗದ್ದೆ ಅಡ ಇಟ್ಟು ಸಾಲ ತಂದಿದ್ದರು. ಮೈಸೂರಿನ ಕನ್ಸಲ್ಟೆನ್ಸಿಯಲ್ಲಿ ಟೈ ಕಟ್ಟಿಕೊಂಡು ಕೂತಿದ್ದವರು ಒಂದು ಕಾಗದದ ಮೇಲೆ ಬಾಣ ಎಳೆದು ಎಳೆದು ತೋರಿಸಿದ್ದರು. ಓದು ಒಂದು ವರ್ಷ, ಅದಾದ ಮೇಲೆ ಕೆಲಸ ಹುಡುಕಲು ಎರಡು ವರ್ಷದ ವೀಸಾ, ಅಷ್ಟರಲ್ಲಿ ವರ್ಷಕ್ಕೆ 26,200 ಪೌಂಡ್ ಸಂಬಳದ ಕೆಲಸ ಸಿಕ್ಕರೆ ಕಂಪನಿಯೇ ಸ್ಪಾನ್ಸರ್ ಮಾಡುತ್ತದೆ, ಮುಗಿಯಿತು. ಅವರು ಹೇಳಿದ ದಿನ ಅದು ಸುಳ್ಳಾಗಿರಲಿಲ್ಲ. ನಾನು ಎರಡನೇ ಸೆಮಿಸ್ಟರ್‌ನಲ್ಲಿದ್ದಾಗ, 2024ರ ಏಪ್ರಿಲ್ 4ರಿಂದ, ಅಲ್ಲಿನ ಸರ್ಕಾರ ಆ ಮೊತ್ತವನ್ನು 38,700ಕ್ಕೆ ಏರಿಸಿತು. ನನ್ನಂಥ ಹೊಸಬರಿಗೆ ಕೊಂಚ ರಿಯಾಯಿತಿ ಇದ್ದರೂ ಆಗ 30,960 ಬೇಕೇ ಬೇಕಿತ್ತು. ನಾನು ಅರ್ಜಿ ಹಾಕುತ್ತಿದ್ದ ಕೆಲಸಗಳಲ್ಲಿ ಹೆಚ್ಚಿನವು 25, 26 ಸಾವಿರದವು. ಕನ್ಸಲ್ಟೆನ್ಸಿಗೆ ಫೋನ್ ಮಾಡಿದೆ. ‘ರೂಲ್ಸ್ ಚೇಂಜ್ ಆಗ್ತಾ ಇರುತ್ತಲ್ಲ ಮೇಡಂ’ ಎಂದರು.

ಓದುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ನನಗೆ ಸಿಕ್ಕಿದ್ದು ವೃದ್ಧರ ಆರೈಕೆ ಮನೆಯಲ್ಲಿ. ಬೆಳಿಗ್ಗೆ ಎಬ್ಬಿಸುವುದು, ಸ್ನಾನ, ಗಂಜಿ, ಮಾತ್ರೆ. ಅಲ್ಲಿದ್ದ ಒಬ್ಬರ ಹೆಸರನ್ನು ಹೇಳಬಾರದು, ಹೇಳುವುದೂ ಇಲ್ಲ. ನಾನು ಮನಸ್ಸಿನಲ್ಲಿ ತಾತ ಅನ್ನುತ್ತಿದ್ದೆ, ಇಲ್ಲೂ ಹಾಗೇ ಇರಲಿ. ಎಂಬತ್ತನಾಲ್ಕು ವರ್ಷ. ಬೆಳಿಗ್ಗೆ ಹೇಳಿದ ನನ್ನ ಹೆಸರು ಮಧ್ಯಾಹ್ನಕ್ಕೆ ಮರೆತುಹೋಗಿರುತ್ತಿತ್ತು. ಅದಕ್ಕೇ ಎಲ್ಲರನ್ನೂ ‘ಲವ್’ ಎಂದು ಕರೆಯುತ್ತಿದ್ದರು. ಗಾಬರಿ ಬೇಡ, ಆ ಕಡೆಯ ಮುದುಕರೆಲ್ಲ ಹಾಗೇ ಕರೆಯುವುದು, ನಮ್ಮಲ್ಲಿ ‘ಮಗಾ’ ಅಂದ ಹಾಗೆ.

ಒಂದು ದಿನ ಅವರ ಕೋಣೆಯ ಗೋಡೆಯ ಮೇಲಿದ್ದ ಹಳೆಯ ಫೋಟೊ ಒರೆಸುತ್ತಿದ್ದೆ. ಯುವಕನಾಗಿದ್ದಾಗ ತೊಡೆಯ ಮೇಲೆ ಒಂದು ದೊಡ್ಡ ಮೀನು ಮಲಗಿಸಿಕೊಂಡು ಕೂತ ಫೋಟೊ. ಬಂಗಾರದ ಬಣ್ಣದ ಮೈ, ಕೆಂಪು ಕಿತ್ತಳೆಯ ರೆಕ್ಕೆ, ಕೆಳಕ್ಕೆ ತೆರೆದ ಬಾಯಿ, ಬಾಯಿಯ ಸುತ್ತ ನಾಲ್ಕು ಮೀಸೆ. ‘ಇದು ನಮ್ಮ ಬಿಳಿಮೀನು!’ ಎಂದು ಕನ್ನಡದಲ್ಲೇ ಕೂಗಿಬಿಟ್ಟೆ.

ಬಿಳಿಮೀನು ಅಂದರೆ ಮಹಶೀರ್. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಪುರಿ ಎಸೆದವರೆಲ್ಲ ಅದರ ಬಾಯಿ ನೋಡಿರುತ್ತೀರಿ. ಫೋಟೊದಲ್ಲಿ ಇದ್ದದ್ದು ಅದಲ್ಲ, ಬಾರ್ಬೆಲ್. ಆದರೆ ನನ್ನ ಕೂಗು ಪೂರ್ತಿ ತಪ್ಪೂ ಅಲ್ಲ. ಎರಡೂ ಒಂದೇ ದೊಡ್ಡ ಕುಟುಂಬದವು. ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ 1839ರಲ್ಲಿ ದಖ್ಖನ್ನಿನ ಮಹಶೀರ್ ಒಂದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಾಗ ಅದನ್ನು ‘ಬಾರ್ಬಸ್’ ಎಂದೇ ಕರೆದಿದ್ದ. ಆ ಪದಕ್ಕೆ ಲ್ಯಾಟಿನ್‌ನ ಗಡ್ಡವೇ ಮೂಲ. ನಮ್ಮ ಮೀನಿಗೆ ಆಮೇಲೆ ಬೇರೆ ಹೆಸರು ಬಂತು, ಗಾತ್ರದಲ್ಲಂತೂ ಹೋಲಿಕೆಯೇ ಇಲ್ಲ. ನಮ್ಮ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ 54 ಕೆ.ಜಿ. ಇಂಗ್ಲೆಂಡಿನಲ್ಲಿ 10 ಪೌಂಡ್‌ನ ಬಾರ್ಬೆಲ್ ಸಿಕ್ಕರೆ ವರ್ಷವಿಡೀ ಹೇಳಿಕೊಂಡು ತಿರುಗುತ್ತಾರೆ. 120 ಪೌಂಡ್ ಅಂದದ್ದನ್ನು ತಾತ ನಂಬಲಿಲ್ಲ. ಬೆಸ್ತರು, ಗಾಳದವರು ಎಲ್ಲ ದೇಶದಲ್ಲೂ ಸುಳ್ಳು ಹೇಳುತ್ತಾರೆ ಎಂದು ನಕ್ಕರು.

ಅವತ್ತಿನಿಂದ ನಮ್ಮಿಬ್ಬರ ಮಾತೆಲ್ಲ ಅದೇ. ನನ್ನ ಹೆಸರು ಮರೆಯುವ ಮನುಷ್ಯನಿಗೆ ಹೊಳೆಯ ಒಂದೊಂದು ತಿರುವೂ ನೆನಪು. ಸೇತುವೆಯಿಂದ ಮೇಲಕ್ಕೆ ಮೂರನೇ ತಿರುವು, ಅಲ್ಲಿ ನೀರಿನ ಮೇಲೆ ಬಾಗಿದ ವಿಲೋ ಮರ, ಅದರ ಬೇರಿನ ಕೆಳಗೆ ಆಳ, ಮರದಿಂದ ಎರಡು ಗಜ ಮೇಲೆ ಗಾಳ ಬೀಳಬೇಕು, ಹೊತ್ತು ಮುಳುಗುವಾಗ. ಟಿಶ್ಯೂ ಪೆಟ್ಟಿಗೆಯ ಹಿಂಬದಿಯಲ್ಲಿ ನಡುಗುವ ಕೈಯಿಂದ ಬಿಡಿಸಿಯೂ ಕೊಟ್ಟರು. ತಮ್ಮ ರಾಡ್ ಮಗಳ ಮನೆಯ ಗ್ಯಾರೇಜಿನಲ್ಲಿದೆ, ತೆಗೆದುಕೋ ಅಂದರು. ಅಲ್ಲಿರುವವರಿಂದ ಕೆಲಸದವರು ಏನನ್ನೂ ಪಡೆಯುವಂತಿಲ್ಲ ಎಂಬ ನಿಯಮವಿತ್ತು. ಬೇಡ ಅಂದೆ. ನಕ್ಷೆಯನ್ನು ಮಾತ್ರ ಮಡಚಿ ಜೇಬಿಗಿಟ್ಟುಕೊಂಡೆ.

ಹೊಳೆಯ ಹೆಸರಿನ ಅಕ್ಷರಗಳನ್ನು ನೋಡಿದರೆ ‘ಟೆಮೆ’ ಅನ್ನಬೇಕು. ಅವರು ಅನ್ನುವುದು ‘ಟೀಮ್’. ವೇಲ್ಸ್‌ನ ಬೆಟ್ಟದಲ್ಲಿ ಹುಟ್ಟಿ, ಲಡ್ಲೋ, ಟೆನ್‌ಬರಿ ಊರುಗಳನ್ನು ಹಾದು, ಸುಮಾರು 130 ಕಿ.ಮೀ. ಹರಿದು ವೂಸ್ಟರ್‌ನ ದಕ್ಷಿಣಕ್ಕೆ ಪೋವಿಕ್ ಎಂಬಲ್ಲಿ ಸೆವೆರ್ನ್ ನದಿ ಸೇರುತ್ತದೆ. ಅಲ್ಲಿನ ಹಳೆಯ ಸೇತುವೆಯ ಬಳಿ 1642ರಲ್ಲಿ ಇಂಗ್ಲೆಂಡಿನ ಅಂತರ್ಯುದ್ಧದ ಮೊದಲ ಚಕಮಕಿ ನಡೆಯಿತಂತೆ, ಬೋರ್ಡ್ ಹಾಕಿದ್ದಾರೆ. ಅಗಲ ನಮ್ಮ ಕಡೆಯ ದೊಡ್ಡ ನಾಲೆಯಷ್ಟು. ಮೊದಲ ದಿನ ನೋಡಿದಾಗ ‘ಇಷ್ಟೇನಾ?’ ಅನ್ನಿಸಿತ್ತು.

ಅದು ಎಂಥ ಹೊಳೆ ಅನ್ನುವುದು ಗೊತ್ತಾಗಲು ಒಂದು ತಿಂಗಳು ಸಾಕಾಯಿತು. ದಂಡೆ ಕೆಂಪು ಜೇಡಿ, ಆಳೆತ್ತರಕ್ಕೆ ನೆಟ್ಟಗೆ ಕಡಿದಂತಿದೆ. ಮಳೆ ಬಿದ್ದರೆ ಸೋಪಿನ ಹಾಗೆ ಜಾರುತ್ತದೆ. ಎರಡೂ ಕಡೆ ಮರ, ಮರದ ಕೊಂಬೆಗಳೆಲ್ಲ ನೀರಿನ ಮೇಲೆ, ಬೇರುಗಳೆಲ್ಲ ನೀರಿನ ಒಳಗೆ. ಬೀಸಿದ ಗಾಳ ಕೊಂಬೆಗೆ, ಎಳೆದ ಗಾಳ ಬೇರಿಗೆ. ಬಿಸಿಲಿದ್ದರೆ ನೀರು ತೆಳುವಾಗಿ ತಳದ ಕಲ್ಲು ಕಾಣುತ್ತದೆ, ನಮಗೆ ಕಲ್ಲು ಕಂಡರೆ ಮೀನಿಗೆ ನಾವು ಕಾಣುತ್ತೇವೆ. ದೂರದ ವೇಲ್ಸ್‌ನಲ್ಲಿ ಜೋರು ಮಳೆಯಾದರೆ, ಇಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಒಂದೇ ರಾತ್ರಿಯಲ್ಲಿ ಆಳೆತ್ತರ ಏರುತ್ತದೆ, ಟೊಮ್ಯಾಟೊ ಸಾರಿನ ಬಣ್ಣಕ್ಕೆ ತಿರುಗುತ್ತದೆ. ನಿನ್ನೆ ನಾನು ಕೂತಿದ್ದ ಮಣ್ಣಿನ ಮೆಟ್ಟಿಲು ಇವತ್ತು ಹೊಳೆಯೊಳಗೆ.

ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಇಂಥ ಮೀನುಗಳಿಗೆ ಗಾಳ ಹಾಕುವಂತಿಲ್ಲ. ಮೊಟ್ಟೆ ಇಡುವ ಕಾಲ. ಹಾಗಾಗಿ ನನ್ನ ಮೊದಲ ದಿನ 2024ರ ಜೂನ್ 16. ಫೇಸ್‌ಬುಕ್‌ನಲ್ಲಿ 25 ಪೌಂಡ್‌ಗೆ ಹಳೆಯ ರಾಡು, ರೀಲು ಸಿಕ್ಕಿತ್ತು. ಆ ದಂಡೆಯ ಹಕ್ಕು ಒಂದು ಕ್ಲಬ್ಬಿನದು, ಅವರಿಗೆ ಬೇರೆ ದಿನದ ಟಿಕೆಟ್. ಬ್ಯಾಗಿನಲ್ಲಿ ರಾಗಿ ಉಂಡೆ. ಬರ್ಮಿಂಗ್‌ಹ್ಯಾಮ್‌ನ ಭಾರತೀಯ ಅಂಗಡಿಯಿಂದ ತಂದ ಹಿಟ್ಟು. ಮಾವನ ಲೆಕ್ಕದಲ್ಲೇ ಬೇಯಿಸಿದ್ದೆ. ಬಿಳಿಮೀನಿನ ನೆಂಟ ರಾಗಿ ಬೇಡ ಅನ್ನುತ್ತಾನೆಯೇ?

ಅಂದ. ಜೂನ್ ಪೂರ್ತಿ ಅಂದ, ಜುಲೈ ಪೂರ್ತಿ ಅಂದ. ಚಬ್ ಎಂಬ ಬಾಯಿಬಡುಕ ಮೀನು ಎರಡು ಸಲ ರಾಗಿ ತಿಂದಿತು, ಒಂದು ಹಾವುಮೀನು ದಾರವನ್ನೆಲ್ಲ ಗಂಟು ಹಾಕಿ ಹೋಯಿತು. ಉಳಿದಂತೆ ತಾತನ ಮೂರನೇ ತಿರುವಿನಲ್ಲಿ ಕೂತು ಸೊಳ್ಳೆ ಕಚ್ಚಿಸಿಕೊಂಡದ್ದೇ ಬಂತು. ಅಲ್ಲಿ ಬಾಗಿದ ವಿಲೋ ಮರ ಕಾಣಲಿಲ್ಲ. ತಿರುವನ್ನು ನಾನೇ ತಪ್ಪಾಗಿ ಎಣಿಸಿರಬೇಕು ಅಂದುಕೊಂಡು ಎರಡನೆಯದಕ್ಕೂ ಹೋದೆ, ನಾಲ್ಕನೆಯದಕ್ಕೂ ಹೋದೆ. ಸೋಮವಾರ ಡ್ಯೂಟಿಗೆ ಹೋದರೆ ತಾತ, ‘ಮರದ ಕೆಳಗೆ ಹಾಕಿದೆಯಾ, ಲವ್?’ ಎಂದು ಕೇಳುತ್ತಿದ್ದರು. ‘ಹಾಕಿದೆ, ಸಿಗಲಿಲ್ಲ’ ಎಂದರೆ, ‘ಎರಡು ಗಜ ಮೇಲೆ ಹಾಕಿರುವುದಿಲ್ಲ’ ಅನ್ನುತ್ತಿದ್ದರು.

ಅದೇ ತಿಂಗಳುಗಳಲ್ಲಿ ಕೆಲಸದ ಅರ್ಜಿಗಳೂ ಹೋಗುತ್ತಿದ್ದವು. ದಿನಕ್ಕೆ ಹತ್ತು, ಕೆಲವು ದಿನ ಇಪ್ಪತ್ತು. ಉತ್ತರ ಬಂದರೆ ಮೊದಲ ಸಾಲು ನೋಡಿದ ಕೂಡಲೇ ಗೊತ್ತಾಗಿಬಿಡುತ್ತಿತ್ತು. ಅಪ್ಪ ಪ್ರತಿ ಭಾನುವಾರ ಕೇಳುವ ‘ಏನಾದ್ರೂ ಆಯ್ತಾ ಮಗ?’ ಎಂಬ ಪ್ರಶ್ನೆಗೂ, ತಾತ ಪ್ರತಿ ಸೋಮವಾರ ಕೇಳುವ ಪ್ರಶ್ನೆಗೂ ನನ್ನ ಉತ್ತರ ಒಂದೇ ಆಗಿತ್ತು. ನಿಜ ಹೇಳಬೇಕೆಂದರೆ ಹೊಳೆಗೆ ಹೋಗುತ್ತಿದ್ದುದೇ ಲ್ಯಾಪ್‌ಟಾಪ್ ಮುಂದೆ ಕೂರುವುದನ್ನು ತಪ್ಪಿಸಿಕೊಳ್ಳಲು. ಹೊಳೆ ಕನಿಷ್ಠ ‘ಅನ್‌ಫಾರ್ಚುನೇಟ್ಲಿ’ ಅನ್ನುತ್ತಿರಲಿಲ್ಲ.

ದಂಡೆಯ ಮೇಲೆ ಬೇಸಿಗೆಯಲ್ಲಿ ನನ್ನ ತಲೆಗಿಂತ ಎತ್ತರಕ್ಕೆ ನಸುಗೆಂಪು ಹೂವಿನ ಗಿಡ ಬೆಳೆದು ನಿಲ್ಲುತ್ತದೆ. ಕಾಯಿ ಮುಟ್ಟಿದರೆ ಪಟ್ ಎಂದು ಒಡೆದು ಬೀಜ ಮುಖಕ್ಕೆ ಹಾರುತ್ತದೆ. ನಮ್ಮ ಹಿತ್ತಲಿನ ಕರ್ಣಕುಂಡಲವೇ ಅಲ್ಲವೇ ಅನ್ನಿಸಿ ಹುಡುಕಿ ನೋಡಿದೆ. ಹೌದು, ಅದರದೇ ಬಳಗ, ಹಿಮಾಲಯದ್ದು. ತೋಟದ ಚೆಂದಕ್ಕೆಂದು 1839ರಲ್ಲಿ ಬ್ರಿಟನ್ನಿಗೆ ಒಯ್ದರಂತೆ, ನಮ್ಮ ಮಹಶೀರ್‌ಗೆ ಸೈಕ್ಸ್ ಹೆಸರಿಟ್ಟ ಅದೇ ವರ್ಷ. ಈಗ ಹೊಳೆ ದಂಡೆಗಳನ್ನೆಲ್ಲ ಆಕ್ರಮಿಸಿಕೊಂಡಿದೆ ಎಂದು ಸ್ವಯಂಸೇವಕರು ಗುಂಪು ಕಟ್ಟಿಕೊಂಡು ಬಂದು ಕೀಳುತ್ತಾರೆ. ಚಳಿಗಾಲಕ್ಕೆ ಅದು ಸತ್ತಮೇಲೆ ದಂಡೆ ಬರಿದಾಗಿ ಮಣ್ಣು ಕೊಚ್ಚಿಹೋಗುತ್ತದೆ, ಹಾಗಾಗಿ ಕೀಳುವುದು ಸರಿಯೇ. ಆದರೂ ಆ ಗಿಡದ ಮಧ್ಯೆ ಕೂತು ‘ರೈಟ್ ಟು ವರ್ಕ್ ಇದೆಯೇ?’ ಎಂಬ ಅರ್ಜಿಯ ಕಾಲಂ ತುಂಬುವಾಗ ಒಮ್ಮೆ ನಗು ಬಂದಿತ್ತು.

ಆಗಸ್ಟ್ ಕೊನೆಯಲ್ಲಿ ಒಬ್ಬರು ಸಿಕ್ಕರು. ಐವತ್ತರ ಆಸುಪಾಸು, ಲಾರಿ ಡ್ರೈವರ್, ನಾಯಿ ಜೊತೆಗೆ. ನನ್ನ ಡಬ್ಬಿಯಲ್ಲಿದ್ದ ರಾಗಿ ಉಂಡೆ ಎತ್ತಿ ಮೂಸಿ, ‘ಏನಿದು, ಸಿಮೆಂಟಾ?’ ಎಂದರು. ನಾನು ತಾತನ ನಕ್ಷೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಎದುರು ದಂಡೆಯ ಕಡೆ ಬೆರಳು ತೋರಿಸಿ, ‘ಆ ಮರ ಅಲ್ಲಿತ್ತು. 2007ರ ಪ್ರವಾಹದಲ್ಲಿ ಹೋಯಿತು. ಮರದ ಜೊತೆ ಆ ಗುಂಡಿಯೂ ಹೋಯಿತು, ಈಗ ಅಲ್ಲಿ ಮೊಣಕಾಲುದ್ದ ಹೂಳು’ ಎಂದರು.

ಎರಡೂವರೆ ತಿಂಗಳು ನಾನು ಇಲ್ಲದ ಮರದ ಕೆಳಗೆ, ಇಲ್ಲದ ಗುಂಡಿಗೆ ಗಾಳ ಹಾಕಿದ್ದೆ.

ಅವರು ಮುಂದುವರಿಸಿ ಹೇಳಿದ್ದು ಇನ್ನೂ ಇತ್ತು. ಟೀಮ್ ಒಂದು ಕಾಲಕ್ಕೆ ಬಾರ್ಬೆಲ್‌ಗೆ ಹೆಸರಾದ ಹೊಳೆ, ದೂರದೂರುಗಳಿಂದ ಜನ ಬರುತ್ತಿದ್ದರು. ಈಗ ಮೀನು ಕಡಿಮೆ. ಕಾರಣ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೆಲವರು ನೀರುನಾಯಿಯನ್ನು ಬಯ್ಯುತ್ತಾರೆ, ಕೆಲವರು ಪ್ರವಾಹವನ್ನು. ಇವರ ಲೆಕ್ಕದಲ್ಲಿ ಮುಖ್ಯ ಕಾರಣ ಹೊಲಗಳಿಂದ ತೊಳೆದು ಬರುವ ಮಣ್ಣು. ಬಾರ್ಬೆಲ್ ಮೊಟ್ಟೆ ಇಡುವುದು ಸಣ್ಣ ಕಲ್ಲಿನ ಹಾಸಿನ ಮೇಲೆ. ಕಲ್ಲಿನ ಸಂದಿಯಲ್ಲಿ ಹೂಳು ತುಂಬಿದರೆ ಮೊಟ್ಟೆಗೆ ಉಸಿರಿಲ್ಲ. ಇನ್ನೊಂದು ಸಂಗತಿಯನ್ನೂ ಹೇಳಿದರು: ಈ ಮೀನು ಇಲ್ಲಿನದೇ ಅಲ್ಲ. ಬಾರ್ಬೆಲ್‌ನ ಮೂಲ ಮನೆ ಇಂಗ್ಲೆಂಡಿನ ಪೂರ್ವಕ್ಕೆ ಹರಿಯುವ ನದಿಗಳು. 1956ರಲ್ಲಿ ಕೆನೆಟ್ ನದಿಯಿಂದ ಐನೂರು ಚಿಲ್ಲರೆ ಮೀನು ತಂದು ಸೆವೆರ್ನ್‌ಗೆ ಬಿಟ್ಟರು. ಅವು ಹೆಚ್ಚಿ, ಉಪನದಿಯಾದ ಟೀಮ್‌ಗೂ ಹತ್ತಿಬಂದವು. ಅಂದರೆ ತಾತ ಹುಡುಗನಾಗಿದ್ದಾಗ ಈ ಹೊಳೆಯಲ್ಲಿ ಬಾರ್ಬೆಲ್ ಇರಲೇ ಇಲ್ಲ. ಅವರ ಯೌವನದಲ್ಲಿ ಬಂದು, ಅವರ ನಡುವಯಸ್ಸಿನಲ್ಲಿ ತುಂಬಿ ತುಳುಕಿ, ಅವರು ಮುದುಕರಾಗುವ ಹೊತ್ತಿಗೆ ಇಳಿದುಹೋದ ಮೀನು. ಅವರ ನಕ್ಷೆ ಸುಳ್ಳಲ್ಲ, ಆ ನಡುವಿನ ಕಾಲದ್ದು.

ಅವತ್ತು ನನಗೆ ತಾತನ ಮೇಲೆ ಸಿಟ್ಟು ಬರಲಿಲ್ಲ. ಕನ್ಸಲ್ಟೆನ್ಸಿಯ ಬಾಣದ ಚಿತ್ರ ನೆನಪಾಗಿ ಅವರ ಮೇಲೂ ಮೊದಲಿನಷ್ಟು ಬರಲಿಲ್ಲ. ಸಿಟ್ಟು ಬಂದದ್ದು ನನ್ನ ಮೇಲೆ. ಮರ ಕಾಣದಿದ್ದ ಮೊದಲ ದಿನವೇ ನಾನು ಹೊಳೆಯನ್ನು ನೋಡಬೇಕಿತ್ತು, ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದ್ದೆ.

ಮುಂದಿನ ಮೂರು ಭಾನುವಾರ ರಾಡ್ ಒಯ್ಯಲಿಲ್ಲ. ಲಾರಿಯವರು ಹೇಳಿಕೊಟ್ಟಂತೆ, ದಾರದ ತುದಿಗೆ ಬರಿ ಸೀಸದ ಗುಂಡು ಕಟ್ಟಿ, ನೀರಿಗೆ ಎಸೆದು ತಳದ ಮೇಲೆ ಮೆಲ್ಲಗೆ ಎಳೆದೆ. ಹೂಳಿದ್ದರೆ ಗುಂಡು ಮೆತ್ತಗೆ ಕೂತು ಬರುತ್ತದೆ. ಕಲ್ಲಿದ್ದರೆ ಬೆರಳಿಗೆ ಟಕ್ ಟಕ್ ಟಕ್. ಹೀಗೆ ಎರಡು ಕಿಲೋಮೀಟರ್ ಉದ್ದದ ದಂಡೆಯನ್ನು ಕುರುಡರು ಮುಖ ಸವರುವ ಹಾಗೆ ಸವರಿದೆ. ಐದನೇ ತಿರುವಿನ ಕೆಳಗೆ, ಈಚೆಗೆ ಬಿದ್ದ ಒಂದು ಮರ ಹೊಳೆಗೆ ಅಡ್ಡಡ್ಡ ಕೂತಿತ್ತು. ನೀರು ಅದನ್ನು ಬಳಸಿ ಜೋರಾಗಿ ಓಡುವ ಕಡೆ ಹೂಳೆಲ್ಲ ತೊಳೆದುಹೋಗಿ ಟಕ್ ಟಕ್ ಎಂದಿತು. ಹತ್ತು ಹೆಜ್ಜೆ ಉದ್ದದ ಕಲ್ಲಿನ ಹಾಸು. ತಾತನ ನಕ್ಷೆಯಲ್ಲಿ ಆ ಜಾಗದಲ್ಲಿ ಒಂದು ಗೀಟು ಎಳೆದು ‘ಏನೂ ಇಲ್ಲ’ ಎಂದು ಬರೆದಿತ್ತು.

ಅರ್ಜಿಗಳ ವಿಷಯದಲ್ಲೂ ಕೈ ಬದಲಿಸಿದೆ. ವಿದೇಶಿಯರನ್ನು ಸ್ಪಾನ್ಸರ್ ಮಾಡಲು ಪರವಾನಗಿ ಇರುವ ಕಂಪನಿಗಳ ಪೂರ್ತಿ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ಪ್ರಕಟಿಸುತ್ತದೆ, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಇದು ನನಗೆ ಒಂದು ವರ್ಷ ಗೊತ್ತೇ ಇರಲಿಲ್ಲ, ಯಾರೂ ಹೇಳಲೂ ಇಲ್ಲ. ಆ ಪಟ್ಟಿಯಲ್ಲಿ ಇಲ್ಲದವರಿಗೆ ನಾನು ನೂರಾರು ಅರ್ಜಿ ಹಾಕಿದ್ದೆ. ಹೊರಡುವವರು ದಯವಿಟ್ಟು ಮೊದಲು ಅದನ್ನು ನೋಡಿ, ವಿಮಾನ ಹತ್ತುವುದಕ್ಕೂ ಮೊದಲು.

ಸೆಪ್ಟೆಂಬರ್ ಕೊನೆಯ ವಾರ ಮಳೆ ಹಿಡಿಯಿತು. ಹೊಳೆ ಏರಿತು. ಎರಡು ದಿನ ಬಿಟ್ಟು ಇಳಿಯತೊಡಗಿದಾಗ ಹೋದೆ. ಏರುವ ನೀರಿಗಿಂತ ಇಳಿಯುವ ನೀರು ಒಳ್ಳೆಯದು, ಬಣ್ಣ ಹಾಲು ಕಡಿಮೆ ಹಾಕಿದ ಚಹಾದಂತಿದ್ದರೆ ಇನ್ನೂ ಒಳ್ಳೆಯದು. ಬಾರ್ಬೆಲ್ ಕಣ್ಣಿಗಿಂತ ಮೀಸೆಯನ್ನು ನಂಬುವ ಮೀನು. ಕಲಕು ನೀರಿನಲ್ಲಿ ತಳವನ್ನು ಮೀಸೆಯಿಂದ ತಡಕುತ್ತಾ, ಧೈರ್ಯವಾಗಿ ಓಡಾಡುತ್ತದೆ.

ರಾಗಿಯನ್ನು ಅವತ್ತು ಮನೆಯಲ್ಲೇ ಬಿಟ್ಟೆ. ಅಲ್ಲಿನವರು ಡಬ್ಬಿಯ ಹಂದಿ ಮಾಂಸವನ್ನು ಚೌಕ ತುಂಡು ಮಾಡಿ ಗಾಳಕ್ಕೆ ಚುಚ್ಚುತ್ತಾರೆ. ಅದಕ್ಕೆ ಕರಿ ಪೌಡರ್ ಹಚ್ಚಿ ಹುರಿಯುವುದೂ ಉಂಟು, ಬಾರ್ಬೆಲ್‌ಗೆ ಮಸಾಲೆ ವಾಸನೆ ಇಷ್ಟವೆಂದು ಅವರ ನಂಬಿಕೆ. ಅಂಗಡಿಯ ಕರಿ ಪೌಡರ್ ಏಕೆ, ನನ್ನ ಬಳಿ ಅಮ್ಮ ಕಳಿಸಿದ ಸಾರಿನ ಪುಡಿ ಇರುವಾಗ? ಎರಡು ಚಮಚ ಹಾಕಿ ಹುರಿದೆ. ಮನೆಯಲ್ಲಿದ್ದ ಪಂಜಾಬಿ ಹುಡುಗಿ ಊಟ ಎಂದು ತಿಳಿದು ತಟ್ಟೆ ಹಿಡಿದು ಬಂದಳು. ಮೀನನ್ನು ಕರೆಯಲು ನೀರಿಗೆ ಹಾಕುವುದು ಬೇಯಿಸಿದ ಹೆಂಪ್ ಬೀಜ, ಅಂದರೆ ಗಾಂಜಾ ಗಿಡದ ಬೀಜ. ಗಾಳದ ಸಾಮಾನಿನ ಅಂಗಡಿಯಲ್ಲೇ ಮಾರುತ್ತಾರೆ, ಅದರಲ್ಲಿ ಅಮಲಿಲ್ಲ. ಇದನ್ನೂ ಅಮ್ಮನಿಗೆ ಇದುವರೆಗೆ ಹೇಳಿಲ್ಲ, ಇಲ್ಲಿ ಓದಿ ತಿಳಿಯಲಿ.

ಬಿದ್ದ ಮರಕ್ಕಿಂತ ಮೇಲೆ, ಕಲ್ಲಿನ ಹಾಸಿನ ತುದಿಗೆ ಗಾಳ ಇಳಿಸಿದೆ. ರಾಡನ್ನು ನೆಲದ ಮೇಲೆ ಇಡಬೇಡ ಎಂದು ತಾತ ಸಾವಿರ ಸಲ ಹೇಳಿದ್ದರು. ಅದು ಹಳೆಯದಾಗದ ಮಾತು. ಕೈಯಲ್ಲಿ ಹಿಡಿದು, ದಾರವನ್ನು ತೋರುಬೆರಳಿನ ಮೇಲೆ ಇಟ್ಟುಕೊಂಡು ಕೂತೆ. ಒಂದು ಗಂಟೆ. ಎಲೆಗಳು ತೇಲಿ ಬಂದು ದಾರಕ್ಕೆ ತಾಗುವುದು, ಜಾರುವುದು. ಹೊತ್ತು ಮುಳುಗಿ, ಎದುರಿನ ಗೋಧಿ ಕುಯ್ದ ಹೊಲದ ಮೇಲೆ ಕಾಗೆಗಳು ಗೂಡಿಗೆ ಹೊರಟಿದ್ದವು. ಬೆರಳಿಗೆ ಎರಡು ಸಲ ಸಣ್ಣಗೆ ಟಕ್ ಟಕ್. ಎಲೆಯಲ್ಲ. ಕಲ್ಲೂ ಅಲ್ಲ, ಗುಂಡು ಅಲುಗುತ್ತಿರಲಿಲ್ಲ.

ಆಮೇಲೆ ರಾಡ್ ತುದಿ ಯಾರೋ ಹಿಡಿದು ಎಳೆದಂತೆ ನೀರಿಗೆ ಬಾಗಿತು.

ಸಿನಿಮಾದಲ್ಲಿ ತೋರಿಸುವ ಹಾಗೆ ನಾನು ಎದ್ದು ನಿಂತು ಎಳೆಯಲಿಲ್ಲ. ಕೂತಲ್ಲೇ ಮುಂದಕ್ಕೆ ಜಾರಿದೆ, ಒಂದು ಕಾಲು ಹೊಳೆಗೆ ಹೋಯಿತು. ಮೀನು ನೇರ ಬಿದ್ದ ಮರದ ಬೇರಿಗೆ ಓಡಿತು. ದಾರ ಬಿಟ್ಟರೆ ಬೇರು, ಬಿಗಿ ಹಿಡಿದರೆ ದಾರ ತುಂಡು. ಆ ಕ್ಷಣದಲ್ಲಿ ಯೋಚನೆ ಎಂಬುದೇನೂ ಇರಲಿಲ್ಲ. ರಾಡನ್ನು ಅಡ್ಡಕ್ಕೆ ಮಲಗಿಸಿ, ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡು, ಇದ್ದಲ್ಲೇ ಇದ್ದೆ. ದಾರ ಗಾಳಿಗೆ ಸಿಕ್ಕ ತಂತಿಯ ಹಾಗೆ ಗುಂಯ್ ಅನ್ನುತ್ತಿತ್ತು. ಬೇರಿಗೆ ಒಂದು ಮಾರು ಇರುವಾಗ ಮೀನು ನಿಂತಿತು. ನಾನೂ ನಿಂತಿದ್ದೆ. ನಿಧಾನಕ್ಕೆ, ಮನಸ್ಸಿಲ್ಲದ ಮನಸ್ಸಿನಿಂದ, ಅದು ಹೊಳೆಯ ನಡುವಿಗೆ ತಿರುಗಿತು.

ಹತ್ತು ನಿಮಿಷ ಆಯಿತೋ ಏನೋ. ನಾಲ್ಕು ಸಲ ದಂಡೆಯ ಹತ್ತಿರ ಬಂದು ನಾಲ್ಕು ಸಲವೂ ತಳಕ್ಕೆ ಧುಮುಕಿತು. ಐದನೇ ಸಲಕ್ಕೆ ಬಲೆಗೆ ಬಂತು. ಅದರ ಬೆನ್ನಿನ ರೆಕ್ಕೆಯ ಮುಂದಿನ ಮುಳ್ಳಿಗೆ ಗರಗಸದಂತೆ ಹಲ್ಲಿರುತ್ತದೆ, ಬಲೆಗೆ ಸಿಕ್ಕಿಕೊಂಡಿತು. ಬಿಡಿಸುವಾಗ ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ತಾತನ ಕೈ ನೆನಪಾಯಿತು. ಒದ್ದೆ ಮಾಡಿದ ಚಾಪೆಯ ಮೇಲೆ ಮಲಗಿಸಿದೆ. ಫೋಟೊದಲ್ಲಿದ್ದ ಮೀನೇ. ಬಂಗಾರ ಅನ್ನುವುದು ಕಡಿಮೆ, ಹೊಸ ಹಿತ್ತಾಳೆ ತಂಬಿಗೆಯ ಬಣ್ಣ. ತುಟಿಯ ತುದಿಯಲ್ಲಿ ಎರಡು ಮೀಸೆ, ಬಾಯಿಯ ಮೂಲೆಯಲ್ಲಿ ಎರಡು. ಕೆಳತುಟಿಯಲ್ಲಿ ಗಾಳ. ತೂಕ 6 ಪೌಂಡ್ 10 ಔನ್ಸ್, ಸರಿಸುಮಾರು ಮೂರು ಕೆ.ಜಿ. ಮಾವನ ಮುಂದೆ ಹೇಳಿದರೆ ‘ಮರಿ’ ಅನ್ನುತ್ತಾರೆ.

ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟದ ಕೆಲಸ. ಬಾರ್ಬೆಲ್ ಉಸಿರು ಕಟ್ಟುವವರೆಗೆ ಸೆಣಸುತ್ತದೆ. ಹಾಗೇ ನೀರಿಗೆ ಎಸೆದರೆ ಮಗುಚಿಕೊಂಡು ಸಾಯಬಹುದು. ಹೊಳೆಗೆ ಇಳಿದು, ಮೊಣಕಾಲವರೆಗಿನ ನೀರಿನಲ್ಲಿ, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು ನಿಂತೆ. ಹೊಟ್ಟೆಯ ಕೆಳಗೆ ಒಂದು ಕೈ, ಬಾಲದ ಬುಡದಲ್ಲಿ ಒಂದು ಕೈ. ಕಿವಿರು ತೆರೆಯುವುದು, ಮುಚ್ಚುವುದು. ಐದು ನಿಮಿಷ, ಅಥವಾ ಇನ್ನೂ ಹೆಚ್ಚು. ಚಳಿಗೆ ಕಾಲು ಮರಗಟ್ಟಿತ್ತು. ಆ ಊರಿಗೆ ಹೋದ ಒಂದು ವರ್ಷದಲ್ಲಿ ನಾನು ಅಷ್ಟು ಹೊತ್ತು ಏನನ್ನೂ ಲೆಕ್ಕ ಹಾಕದೆ ನಿಂತದ್ದು ಅದೇ ಮೊದಲು. ಸಾಲವಿಲ್ಲ, ವೀಸಾದ ತಾರೀಖಿಲ್ಲ. ಬಾಲದ ಬುಡ ಒಮ್ಮೆ ಬಿಗಿಯಾಯಿತು. ಕೈ ಸಡಿಲಿಸುವ ಮೊದಲೇ ಅದು ಹೋಗಿತ್ತು.

ಫೋಟೊ ಒಂದೇ, ಅದೂ ಮಬ್ಬು. ಅಮ್ಮನಿಗೆ ಕಳಿಸಿದೆ. ಎರಡು ನಿಮಿಷದಲ್ಲಿ ಕಾಲ್ ಬಂತು. ‘ಎಷ್ಟು ಚೆಂದಾಗದೆ! ಸಾರು ಮಾಡಿದ್ಯಾ, ಹುರಿದ್ಯಾ?’ ಬಿಟ್ಟೆ ಅಂದೆ. ದೊಡ್ಡ ಬಾರ್ಬೆಲ್ಲನ್ನು ಹೊಳೆಯಿಂದ ಒಯ್ಯುವಂತಿಲ್ಲ, ಕಾನೂನು ಅಂದೆ. ಅದರ ಮೊಟ್ಟೆ ವಿಷ, ತಿಂದರೆ ವಾಂತಿ ಭೇದಿ ಅಂತಲೂ ಸೇರಿಸಿದೆ, ಅದು ನಿಜವೂ ಹೌದು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಬುಟ್ಬುಟ್ಯಾ? ನನ್ನ ಸಾರಿನ ಪುಡಿ ತಿನ್ಸಿ ಬುಟ್ಬುಟ್ಯಾ?’ ಹಿಂದಿನಿಂದ ಮಾವನ ದನಿ ಕೇಳಿಸಿತು: ‘ಎಲ್ಲಿ, ಫೋನ್ ಕೊಡಕ್ಕಾ ಇಲ್ಲಿ. ದಾರ ಎಷ್ಟು ದಪ್ಪದ್ದು ಮಗ? ಬೇರಿಗೆ ಹೋಗ್ದಂಗೆ ಹೆಂಗ್ ತಡ್ದೆ?’ ಮಾವ ನನ್ನ ಹತ್ತಿರ ಗಾಳದ ಬಗ್ಗೆ ಮಾತಾಡಿದ್ದು ಅದೇ ಮೊದಲು. ಅರ್ಧ ಗಂಟೆ ಮಾತಾಡಿದರು.

ಇದನ್ನು ಬರೆಯುತ್ತಿರುವುದು 2025ರ ಮಾರ್ಚ್‌ನಲ್ಲಿ. ಎರಡು ವರ್ಷದ ವೀಸಾ ಸಿಕ್ಕಿದೆ. ಆ ಪಟ್ಟಿಯಲ್ಲಿದ್ದ ಒಂದು ಆಹಾರ ಕಂಪನಿಯ ಖರೀದಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಸಂಬಳ ಇನ್ನೂ ಆ 30,960ಕ್ಕೆ ಮುಟ್ಟಿಲ್ಲ. ಮುಟ್ಟದಿದ್ದರೆ ವಾಪಸ್ ಬರಬೇಕು. ಅಪ್ಪನಿಗೆ ಹೇಳಿದ್ದೇನೆ, ಸಾಲದ ಕಂತು ಕಟ್ಟುತ್ತಿದ್ದೇನೆ. ಆ ಒಂದು ಬಾರ್ಬೆಲ್ ಬಿಟ್ಟರೆ ಚಳಿಗಾಲವಿಡೀ ಇನ್ನೊಂದು ಸಿಗಲಿಲ್ಲ. ನವೆಂಬರ್‌ನ ಪ್ರವಾಹ ಆ ಬಿದ್ದ ಮರವನ್ನು ಅರ್ಧ ತಿರುಗಿಸಿದೆ. ಹೊಸ ಸೀಸನ್ನಿಗೆ ಮೊದಲು ಸೀಸದ ಗುಂಡು ಹಿಡಿದು ಮತ್ತೆ ಮೊದಲಿನಿಂದ ಸವರಬೇಕು.

ಆರೈಕೆ ಮನೆಗೆ ಈಗ ಶನಿವಾರ ಮಾತ್ರ ಹೋಗುತ್ತೇನೆ. ಮೀನು ಹಿಡಿದ ಮಾರನೆಯ ದಿನವೇ ತಾತನಿಗೆ ಫೋಟೊ ತೋರಿಸಿದ್ದೆ. ಕನ್ನಡಕ ಹಾಕಿಕೊಂಡು, ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ‘ಒಳ್ಳೆಯ ಮೀನು’ ಎಂದರು. ಎಲ್ಲಿ ಎಂದು ಕೇಳಿದರು. ಐದನೇ ತಿರುವಿನ ಕೆಳಗೆ ಅಂದೆ. ತಲೆ ಅಲ್ಲಾಡಿಸಿದರು.

‘ಇಲ್ಲ, ಲವ್. ಅಲ್ಲಿ ಬಾರ್ಬೆಲ್ ಇಲ್ಲ.’

ಕಳೆದ ಶನಿವಾರ ಗಂಜಿ ಕುಡಿಸುವಾಗ ನನ್ನನ್ನು ಹೊಸಬಳೆಂದು ತಿಳಿದು, ಮೀನು ಹಿಡಿಯಲು ಬರುತ್ತದೆಯೇ ಎಂದು ಕೇಳಿದರು. ಸ್ವಲ್ಪ ಬರುತ್ತದೆ ಅಂದೆ. ಟಿಶ್ಯೂ ಪೆಟ್ಟಿಗೆ ಹತ್ತಿರ ಎಳೆದುಕೊಂಡು ಪೆನ್ನು ಕೇಳಿದರು. ಸೇತುವೆಯಿಂದ ಮೇಲಕ್ಕೆ ಮೂರನೇ ತಿರುವು, ಬಾಗಿದ ವಿಲೋ ಮರ, ಎರಡು ಗಜ ಮೇಲೆ.

‘14ಕ್ಕೆ ಸೀಸನ್ ಮುಗಿಯುತ್ತದೆ. ಅಷ್ಟರೊಳಗೆ ಹೋಗಿ ಬಾ’ ಎಂದರು.

ಹೋಗುತ್ತೇನೆ ಅಂದೆ.